ಗುಬ್ಬಿ ಲೆಕ್ಕ

ನಮ್ಮ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಹಿರಿಯ ಮೇಷ್ಟ್ರು ನಿವೃತ್ತರಾಗಿ ಊರು ಬಿಡುವಾಗ ತಮ್ಮ ಪುಸ್ತಕಗಳನ್ನೆಲ್ಲ ನಮಗೆ ಹಂಚಿದರು. ನನ್ನ ಪಾಲಿಗೆ ಬಂದದ್ದು ಸಲೀಂ ಅಲಿಯವರ ಆತ್ಮಕಥೆ, ‘ದಿ ಫಾಲ್ ಆಫ್ ಎ ಸ್ಪ್ಯಾರೋ’.

“ನಾನು ಸಮಾಜ ಪಾಠದವಳು, ನನಗ್ಯಾಕೆ ಸಾರ್ ಹಕ್ಕಿ ಪುಸ್ತಕ?” ಎಂದೆ.

“ಓದಿ ನೋಡಿ ಮೇಡಂ. ಅದರಲ್ಲಿ ಹಕ್ಕಿಗಳಷ್ಟೇ ಮನುಷ್ಯರೂ ಇದ್ದಾರೆ” ಎಂದರು.

ರಾತ್ರಿ ಅಡುಗೆಮನೆ ಒರೆಸಿ, ಬೆಳಗಿನ ದೋಸೆಗೆ ಹಿಟ್ಟು ರುಬ್ಬಿಟ್ಟು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ದಿನಕ್ಕೆ ನಾಲ್ಕೈದು ಪುಟದಂತೆ ಓದಿದೆ. ಮುಗಿಸಲು ಎರಡು ತಿಂಗಳು ಹಿಡಿಯಿತು. 1985ರಲ್ಲಿ, ಅಂದರೆ ಅವರು ತೀರಿಕೊಳ್ಳುವುದಕ್ಕೆ ಎರಡು ವರ್ಷ ಮೊದಲು, ಪ್ರಕಟವಾದ ಪುಸ್ತಕವಿದು. ಬಲ್ಲವರು ಇದನ್ನು ಸಾಹಸಕಥೆಯೆಂದು ಹೊಗಳುತ್ತಾರೆ. ಒಪ್ಪತಕ್ಕ ಮಾತೇ. ಆದರೆ ಮನೆಯನ್ನೂ ಶಾಲೆಯನ್ನೂ ಒಟ್ಟಿಗೆ ತೂಗಿಸಿದ ನನ್ನಂಥವಳು ಓದಿದಾಗ ಕಂಡದ್ದು ಬೇರೆಯೇ. ಅದನ್ನು ಹೇಳಬೇಕೆಂದೇ ಈ ಬರಹ.

ಪುಸ್ತಕದ ಹೆಸರಿನಲ್ಲಿರುವ ಗುಬ್ಬಿಯ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ತಂದೆತಾಯಿಯರನ್ನು ಎಳವೆಯಲ್ಲೇ ಕಳೆದುಕೊಂಡು, ಮುಂಬಯಿಯ ಖೇತವಾಡಿಯಲ್ಲಿ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ ಬೆಳೆದ ಹುಡುಗ ಸಲೀಂ. ಕೈಯಲ್ಲಿ ಏರ್‌ಗನ್. ಒಂದು ದಿನ ಹೊಡೆದು ಕೆಡವಿದ ಗುಬ್ಬಿಯ ಕತ್ತಿನ ಮೇಲೆ ಅರಿಶಿನ ಹಚ್ಚಿದಂಥ ಹಳದಿ ಕಲೆ. ತಿನ್ನಬಹುದಾದ ಗುಬ್ಬಿಯೋ ಅಲ್ಲವೋ ಎಂಬ ಅನುಮಾನ ಬಂದು ಮಾವನ ಹತ್ತಿರ ಒಯ್ದ. ಅವರಿಗೂ ತಿಳಿಯದೆ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಮಿಲ್ಲಾರ್ಡ್ ಸಾಹೇಬರಿಗೆ ಚೀಟಿ ಕೊಟ್ಟು ಕಳಿಸಿದರು. ಆ ದೊರೆ ಹುಡುಗನನ್ನು ಗದರಿಸಿ ಅಟ್ಟಲಿಲ್ಲ. ಹಕ್ಕಿಯ ಹೆಸರು ಹೇಳಿ, ಹತ್ತಿ ತುಂಬಿದ ನೂರಾರು ಹಕ್ಕಿಗಳ ಸಂಗ್ರಹವನ್ನೇ ತೆಗೆದು ತೋರಿಸಿದರು. ಅಲ್ಲಿಂದ ಮುಂದಿನದೆಲ್ಲ ಇತಿಹಾಸ.

ನನ್ನನ್ನು ತಡೆದು ನಿಲ್ಲಿಸಿದ್ದು ಈ ಗುಬ್ಬಿಯಲ್ಲ, ಇನ್ನೊಂದು ಗುಬ್ಬಿ. ಹತ್ತರ ಆಸುಪಾಸಿನ ಆ ಹುಡುಗ ಕುದುರೆ ಲಾಯದ ಗೋಡೆಯ ತೂತಿನಲ್ಲಿ ಗೂಡು ಮಾಡಿದ್ದ ಗುಬ್ಬಿ ಜೋಡಿಯನ್ನು ಕಂಡು, ಕಾವಲು ಕೂತಿದ್ದ ಗಂಡನ್ನು ಗಾಡಿಯ ಮರೆಯಿಂದ ಹೊಡೆದ. ಸ್ವಲ್ಪ ಹೊತ್ತಿಗೆ ಹೆಣ್ಣಿಗೆ ಬೇರೊಂದು ಗಂಡು ಜೊತೆಯಾಯಿತು. ಅದನ್ನೂ ಹೊಡೆದ. ಹೀಗೆ ಏಳು ದಿನಗಳಲ್ಲಿ ಎಂಟು ಗಂಡುಗಳು ಅದೇ ಜಾಗದಲ್ಲಿ ಬಿದ್ದವು. ಹುಡುಗ ಇದನ್ನು ತನ್ನ ಬೇಟೆಯ ಪ್ರತಾಪವೆಂದು ಬರೆದಿಟ್ಟುಕೊಂಡ. ಸುಮಾರು ಅರುವತ್ತು ವರ್ಷ ಕಳೆದ ಮೇಲೆ ಆ ಟಿಪ್ಪಣಿ ಪಕ್ಷಿವೀಕ್ಷಕರ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಗೂಡು ಕಟ್ಟುವ ಕಾಲದಲ್ಲಿ ಜೋಡಿಯಿಲ್ಲದ ಗಂಡುಗಳು ಎಷ್ಟು ಹತ್ತಿರದಲ್ಲೇ ಕಾದಿರುತ್ತವೆ ಎಂಬುದಕ್ಕೆ ಅದೊಂದು ಸಾಕ್ಷಿಯಾಯಿತು.

ಅಲ್ಲಿಗೆ ಪುಸ್ತಕ ಮಡಿಸಿ ದೀಪ ಆರಿಸಿದೆ. ನಿದ್ದೆ ಬರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದು. ನಮ್ಮದು ಹಳೇ ಹೆಂಚಿನ ಕಟ್ಟಡ. ಎಂಟನೇ ತರಗತಿಯ ಕೋಣೆಯಲ್ಲಿ ಗಾಂಧೀಜಿ ಪಟದ ಹಿಂದೆ ಗುಬ್ಬಿಗಳು ಗೂಡು ಮಾಡಿದ್ದವು. ಮೂರನೇ ಬೆಂಚಿನ ಹುಡುಗಿಯೊಬ್ಬಳು ಪಾಠ ಕೇಳದೆ ಆಗಾಗ ತಲೆಯೆತ್ತಿ ನೋಡಿ ಏನೋ ಬರೆಯುತ್ತಿದ್ದಳು. ಹೋಗಿ ನೋಟ್‌ಬುಕ್ ಕಿತ್ತುಕೊಂಡೆ. ಮುಂದಿನಿಂದ ಸಮಾಜ ವಿಜ್ಞಾನ, ಹಿಂದಿನಿಂದ ಗುಬ್ಬಿ. ಸ್ಕೇಲಿನಲ್ಲಿ ಗೆರೆ ಹೊಡೆದು ಮನೆಗಳು ಮಾಡಿದ್ದಳು: ತಾರೀಖು, ಪೀರಿಯಡ್ಡು, ಗಂಡು ಎಷ್ಟು ಸಲ ಬಂತು, ಹೆಣ್ಣು ಎಷ್ಟು ಸಲ ಬಂತು, ಬಾಯಲ್ಲಿ ಏನಿತ್ತು. ಒಂದು ತಿಂಗಳಿಗೂ ಮೀರಿದ ಲೆಕ್ಕ. “ಗುಬ್ಬಿ ಲೆಕ್ಕ ಹಾಕೋಕೆ ಬರ್ತೀಯಾ ಸ್ಕೂಲಿಗೆ?” ಎಂದು ಗದರಿಸಿದೆ. ತರಗತಿಯೆಲ್ಲ ನಕ್ಕಿತು. ನೋಟ್‌ಬುಕ್ಕನ್ನು ಸ್ಟಾಫ್‌ರೂಮಿನ ಬೀರುವಿಗೆ ಹಾಕಿದೆ. ಅವಳು ಎರಡು ಸಲ ಬಂದು ಕೇಳಿದಳು, ಮೂರನೇ ಸಲ ಬರಲಿಲ್ಲ. ವರ್ಷದ ಕೊನೆಗೆ ಬೀರು ಖಾಲಿ ಮಾಡುವಾಗ ಅದು ಹಳೇ ಪೇಪರಿನವನ ತಕ್ಕಡಿಗೆ ಹೋಯಿತು.

ಎಂಟು ಗುಬ್ಬಿಗಳನ್ನು ಕೊಂದ ಹುಡುಗನ ಟಿಪ್ಪಣಿ ಅರುವತ್ತು ವರ್ಷ ಉಳಿಯಿತು. ಒಂದು ಗುಬ್ಬಿಗೂ ಕಲ್ಲೆಸೆಯದೆ ಬರೆದ ಹುಡುಗಿಯ ಲೆಕ್ಕ ಒಂದು ವರ್ಷವೂ ಉಳಿಯಲಿಲ್ಲ. ಅದನ್ನು ಕಳೆದವಳು ನಾನೇ. ಈ ಪುಸ್ತಕದ ಉಳಿದ ಪುಟಗಳನ್ನೆಲ್ಲ ನಾನು ಓದಿದ್ದು ಈ ಅಪರಾಧಭಾವದಿಂದ. ಆದ್ದರಿಂದ ನನ್ನ ವಿಮರ್ಶೆ ನಿಷ್ಪಕ್ಷಪಾತವಾದುದೆಂದು ಹೇಳಿಕೊಳ್ಳಲಾರೆ.

ಹಕ್ಕಿಯ ಸಂಶೋಧಕ ದಿನವೂ ಮಾಡುವ ಕೆಲಸವೇನು? ದುರ್ಬೀನು ಕೊರಳಿಗೆ ಹಾಕಿಕೊಂಡು ಕಾಡು ಸುತ್ತುವುದು ಎಂದು ನಾನೂ ತಿಳಿದಿದ್ದೆ. ಸಲೀಂ ಅಲಿಯವರ ಬದುಕು ಆ ಭ್ರಮೆಯನ್ನು ಕಳೆಯುತ್ತದೆ. ಸಂಸ್ಥಾನದ ರಾಜರಿಗೆ ಅವರು ಹೇಳುತ್ತಿದ್ದುದು ಇಷ್ಟೇ: ಓಡಾಟದ, ಬಿಡಾರದ ಖರ್ಚು ಕೊಡಿ, ನನಗೆ ಸಂಬಳ ಬೇಡ, ನಿಮ್ಮ ಸೀಮೆಯ ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ. ಹೈದರಾಬಾದಿನ ಸಮೀಕ್ಷೆ 1931ರಲ್ಲಿ ಹೀಗೆಯೇ ಶುರುವಾಯಿತು. ಬೆಳಕು ಹರಿಯುವ ಮುಂಚೆ ಹೊರಡಬೇಕು, ಕಂಡದ್ದನ್ನು ಅಲ್ಲೇ ಬರೆದುಕೊಳ್ಳಬೇಕು. ಹೊಡೆದ ಹಕ್ಕಿಗಳ ತೊಗಲನ್ನು ಕೆಡುವ ಮುಂಚೆಯೇ ಸುಲಿದು, ಔಷಧಿ ಸವರಿ, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಬೇಕು. ಚೀಟಿಯಲ್ಲಿ ಊರು, ತಾರೀಖು, ಗಂಡೋ ಹೆಣ್ಣೋ ಎಂಬ ವಿವರ. ಚೀಟಿಯಿಲ್ಲದ ಹಕ್ಕಿ ಎಷ್ಟೇ ಚೆಂದವಿದ್ದರೂ ವಿಜ್ಞಾನಕ್ಕೆ ಉಪಯೋಗವಿಲ್ಲ. ನಮ್ಮ ಉಪ್ಪಿನಕಾಯಿ ಜಾಡಿಯ ಹಾಗೆ ಎನ್ನಿಸಿ ನಕ್ಕೆ. ಯಾವ ವರ್ಷದ್ದು, ಯಾವ ಮರದ್ದು ಎಂದು ತಿಳಿಯದಿದ್ದರೆ ಮುಂದಿನ ವರ್ಷ ಅದೇ ರುಚಿ ಬರುವುದು ಹೇಗೆ?

ಅವರ ಕೆಲಸಗಳಲ್ಲಿ ನನಗೆ ಬಹಳ ಹಿಡಿಸಿದ್ದು ಗೀಜುಗದ ಅಧ್ಯಯನ. ಅದರ ಹಿಂದೆ ಕೆಲಸ ಹೋದ ಕತೆಯಿದೆ. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ, ಬಂದವರಿಗೆ ವಿವರಿಸಿ ಹೇಳುವ ಕೆಲಸ ಸಿಕ್ಕಿತ್ತು. ರಜೆ ಹಾಕಿ ಬರ್ಲಿನ್ನಿಗೆ ಹೋಗಿ ಎರ್ವಿನ್ ಸ್ಟ್ರೇಸ್‌ಮನ್ ಎಂಬ ದೊಡ್ಡ ವಿದ್ವಾಂಸರ ಕೈಕೆಳಗೆ ಕಲಿತು ಬಂದರು. ಬಂದು ನೋಡಿದರೆ ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ಕೈಯಲ್ಲಿ ವಿಶ್ವವಿದ್ಯಾಲಯದ ಪದವಿಯಿಲ್ಲ, ಬೇರೆಡೆ ಕೆಲಸ ಸಿಗುವ ಹಾಗಿಲ್ಲ. ಗಂಡಹೆಂಡತಿ ಮುಂಬಯಿಯ ಆಚೆ ಕಿಹೀಂ ಎಂಬ ಕಡಲತೀರದ ಹಳ್ಳಿಗೆ ಹೋಗಿ ಕೂತರು. ಮನೆಯ ಹತ್ತಿರದ ಮರದಲ್ಲಿ ಗೀಜುಗದ ಗೂಡುಗಳು. 1930ರ ಮಳೆಗಾಲದುದ್ದಕ್ಕೂ ಸಲೀಂ ಅಲಿ ಮರೆಯಲ್ಲಿ ಕೂತು ಒಂದೊಂದು ಗೂಡಿನ ದಿನಚರಿ ಬರೆದರು.

ಅವರು ಕಂಡದ್ದನ್ನು ಕೇಳಿದರೆ ನೀವೂ ನಗುತ್ತೀರಿ. ಗಂಡು ಗೀಜುಗ ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಆಗ ಹೆಣ್ಣುಗಳು ಮನೆ ನೋಡಲು ಬರುತ್ತವೆ. ಒಳಹೊಕ್ಕು, ಎಳೆದು ಜಗ್ಗಿ ಪರೀಕ್ಷಿಸಿ, ಹಿಡಿಸಿದರೆ ಉಳಿಯುತ್ತವೆ, ಇಲ್ಲವಾದರೆ ಪಕ್ಕದ ಮನೆಗೆ ನಡೆದವು. ಒಪ್ಪಿಗೆ ಸಿಕ್ಕ ಮೇಲೆಯೇ ಗಂಡು ಗೂಡಿಗೆ ಉದ್ದನೆಯ ಕೊಳವೆ ಬಾಗಿಲು ಕಟ್ಟಿ ಮುಗಿಸುವುದು. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರ, ಅಲ್ಲಿ ಮನೆ ನೋಡುವ ಶಾಸ್ತ್ರ! ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕೂತದ್ದೇ ತಡ, ಗಂಡು ಇನ್ನೊಂದು ಗೂಡು ಶುರುಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಕಾವು ಕೊಡುವುದು ಹೆಣ್ಣೊಂದರದೇ ಪಾಡು. ಗೀಜುಗವನ್ನು ಆದರ್ಶ ಗೃಹಸ್ಥನೆಂದು ಪಾಠದಲ್ಲಿ ಹೊಗಳಿದ್ದ ನಾನು ಪೆಚ್ಚಾದೆ. ಒಬ್ಬ ಮನುಷ್ಯ ಕೆಲಸ ಕಳೆದುಕೊಂಡು, ಮನೆ ಪಕ್ಕದ ಮರದ ಕೆಳಗೆ ತಾಳ್ಮೆಯಿಂದ ಕೂತದ್ದರಿಂದ ತಿಳಿದ ಸತ್ಯವಿದು. ಇದಕ್ಕೆ ಹಿಮಾಲಯ ಹತ್ತಬೇಕಾಗಿರಲಿಲ್ಲ.

ಇನ್ನು ನನ್ನ ತಕರಾರುಗಳು, ಎರಡಿವೆ.

ಮೊದಲನೆಯದು ಬಂದೂಕು. ಹಕ್ಕಿಗಳನ್ನು ಇಷ್ಟು ಪ್ರೀತಿಸಿದವರು ಇಷ್ಟೊಂದು ಹಕ್ಕಿಗಳನ್ನು ಹೊಡೆದರೇ ಎಂದು ಓದುವಾಗ ಕರುಳು ಚುರ್ರೆನ್ನುತ್ತದೆ. ವಿಜ್ಞಾನಕ್ಕೆ ಬೇಕಾಗಿ ಹೊಡೆದೆ, ಮೋಜಿಗಲ್ಲ ಎಂಬುದು ಅವರ ಸಮಾಧಾನ. ಲಾಯದ ಎಂಟು ಗುಬ್ಬಿಗಳಿಗೆ ಆ ಸಮಾಧಾನ ಸಲ್ಲದು. ಉಳಿದದ್ದಕ್ಕೆ ಅರ್ಧ ಒಪ್ಪುತ್ತೇನೆ. ಡಿಡಿಟಿ ಬಂದ ಮೇಲೆ ಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳ್ಳಗಾಗಿದೆಯೆಂದು ಬ್ರಿಟನ್ನಿನಲ್ಲಿ ಡೆರೆಕ್ ರ್‍ಯಾಟ್‌ಕ್ಲಿಫ್ 1967ರಲ್ಲಿ ತೋರಿಸಿಕೊಟ್ಟದ್ದು ಹಿಂದಿನವರು ಕೂಡಿಟ್ಟಿದ್ದ ಹಳೆಯ ಮೊಟ್ಟೆಗಳೊಡನೆ ಹೋಲಿಸಿ ನೋಡಿಯೇ. ಹಳೆಯ ಸಂಗ್ರಹ ಹೊಸ ಹಕ್ಕಿಗಳನ್ನು ಉಳಿಸಿತು. ಆದರೂ ಆ ಹುಡುಗನ ಟಿಪ್ಪಣಿಯಲ್ಲಿ ಇಲ್ಲದ ಒಂದು ಮನೆ ನನ್ನ ವಿದ್ಯಾರ್ಥಿನಿಯ ಲೆಕ್ಕದಲ್ಲಿತ್ತು: ಹೆಣ್ಣು ಏನು ಮಾಡಿತು? ಎಂಟು ಸಲ ಜೊತೆ ಕಳೆದುಕೊಂಡ ಆ ಲಾಯದ ಹೆಣ್ಣುಗುಬ್ಬಿಯ ಮೊಟ್ಟೆಗಳು ಕಡೆಗೆ ಒಡೆದು ಮರಿಯಾದವೇ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ಎರಡನೆಯ ತಕರಾರು ಮನೆಯದು. ತೆಹ್ಮಿನಾ ಅವರನ್ನು ಸಲೀಂ ಅಲಿ ಮದುವೆಯಾದದ್ದು 1918ರಲ್ಲಿ. ಕೆಲಸ ಹೋದಾಗ ಜೊತೆಗಿದ್ದವರು ಆಕೆ, ಸಮೀಕ್ಷೆಯ ಬಿಡಾರಗಳಿಗೂ ಹೋಗುತ್ತಿದ್ದವರು ಆಕೆ. ಸಂಬಳವಿಲ್ಲದ ಗಂಡನ ಹುಚ್ಚನ್ನು ಹುಚ್ಚೆನ್ನದೆ ನಡೆಸಿಕೊಟ್ಟವರು. 1939ರಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆಯಾದ ಮೇಲೆ ತೀರಿಕೊಂಡರು. ಮಕ್ಕಳಿರಲಿಲ್ಲ. ಆಮೇಲೆ ಅವರಿಗೆ ಮನೆಯಾದದ್ದು ಅಕ್ಕ ಕಮೂ ಮತ್ತು ಭಾವ ಹಸನ್ ಅವರ ಆಸರೆ. ಸಲೀಂ ಅಲಿ ಕೃತಘ್ನರಲ್ಲ. ಹೆಂಡತಿಯ ಬಗ್ಗೆ ಬರೆದ ಕಡೆ ಪ್ರೀತಿಯೂ ನೋವೂ ನಿಜವಾದವು. ಆದರೆ ನನಗೆ ಸಾಲದು ಎನ್ನಿಸಿತು. ಗೀಜುಗದ ಗೂಡಿನ ಎಳೆ ಎಳೆಯನ್ನೂ ಬಿಡಿಸಿ ನೋಡಿದ ಕಣ್ಣು ತನ್ನ ಗೂಡನ್ನು ಅಷ್ಟು ಬಿಡಿಸಿ ನೋಡಲಿಲ್ಲವಲ್ಲ! ಬಿಡಾರದಲ್ಲಿ ಅಕ್ಕಿ ಎಲ್ಲಿಂದ ಬಂತು, ಜ್ವರ ಬಂದಾಗ ಗಂಜಿ ಕಾಯಿಸಿದವರು ಯಾರು, ಕಾದು ಕೂತವರ ದಿನ ಹೇಗೆ ಕಳೆಯಿತು ಎಂಬುದು ನನ್ನಂಥ ಓದುಗರಿಗೆ ಕುತೂಹಲವಲ್ಲವೇ? ತೆಹ್ಮಿನಾ ಒಂದು ದಿನಚರಿ ಬರೆದಿದ್ದರೆ ಈ ಆತ್ಮಕಥೆಯ ಪಕ್ಕದಲ್ಲೇ ಅದನ್ನಿಟ್ಟು ಓದುತ್ತಿದ್ದೆ.

ಒಂದು ವಿಷಯ ಮಾತ್ರ ನಮ್ಮ ಕಡೆಯವರು ಮರೆಯಬಾರದು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಸಲೀಂ ಅಲಿ ನಮ್ಮ ಸೀಮೆಯಲ್ಲಿ ಓಡಾಡಿದ್ದು ಹೆಂಡತಿ ತೀರಿಕೊಂಡ ಆ ಕಾಲದಲ್ಲಿಯೇ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟಿದ ಹಕ್ಕಿಗಳನ್ನು ಕಂಡು, ಇದನ್ನು ಕಾಪಾಡಬೇಕೆಂದು ಮಹಾರಾಜರಿಗೆ ಒತ್ತಾಯ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಪ್ರತಿವರ್ಷ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದು, ದೋಣಿ ಹತ್ತಿಸಿ, ತಲೆ ಎಣಿಸಿ, ಚಿತ್ರಾನ್ನ ಹಂಚಿ ಬಂದವಳು ನಾನು. ಈಗ ದೋಣಿಯಲ್ಲಿ ಕೂತಾಗ ಆ ಗೂಡುಗಳನ್ನು ನೋಡುತ್ತ, ಮನೆ ಬರಿದಾದ ಮನುಷ್ಯನೊಬ್ಬ ಇಲ್ಲಿ ನಿಂತು ಬೇರೆಯವರ ಸಂಸಾರಗಳನ್ನು ಉಳಿಸಿದನಲ್ಲ ಎಂದು ನೆನೆಯುತ್ತೇನೆ.

ಮನೆಯೊಳಗಿದ್ದೇ ಈ ಕೆಲಸ ಮಾಡಿದವರು ಯಾರೂ ಇಲ್ಲವೇ ಎಂದು ಹುಡುಕುವಾಗ ಸಿಕ್ಕವರು ಅಮೆರಿಕದ ಮಾರ್ಗರೆಟ್ ಮೋರ್ಸ್ ನೈಸ್. ಸಲೀಂ ಅಲಿಯವರಿಗಿಂತ ಹದಿಮೂರು ವರ್ಷ ಹಿರಿಯರು. ಪ್ರಾಣಿಶಾಸ್ತ್ರದಲ್ಲಿ ಎಂ.ಎ. ಮಾಡಿದವರು. ಗಂಡ ಪ್ರೊಫೆಸರು, ಐವರು ಹೆಣ್ಣುಮಕ್ಕಳು. ಮನೆಗೆಲಸದಲ್ಲಿ ಹಕ್ಕಿಗಳು ಮರೆತೇಹೋಗಿದ್ದವು. 1919ರಲ್ಲಿ ಒಕ್ಲಹೋಮಾ ಪ್ರಾಂತ್ಯದಲ್ಲಿ, ಆಗಸ್ಟಿನ ಹೊತ್ತಿಗೆ ಬೆಳವದಕ್ಕಿಗಳ ಮರಿಗಳೆಲ್ಲ ಹಾರಿಹೋಗಿರುತ್ತವೆ, ಬೇಟೆಯನ್ನು ಬೇಗ ಶುರುಮಾಡಬಹುದು ಎಂಬ ಮಾತು ಎದ್ದಿತು. ಹೌದೇ ಎಂದು ನೋಡಲು ಈಕೆ ಊರಿನ ಗೂಡುಗಳನ್ನು ಎಣಿಸತೊಡಗಿದರು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೂ ಗೂಡಿನಲ್ಲಿ ಮರಿಗಳು! ಬಾಣಂತನ ಮುಗಿಯುವ ಮುಂಚೆಯೇ ಬಂದೂಕು ಎತ್ತಬಾರದೆಂದು ಹೇಳಲು ಒಬ್ಬ ತಾಯಿಯೇ ಬೇಕಾಯಿತು.

ಆಮೇಲೆ 1928ರಿಂದ ಓಹಾಯೋದ ಕೊಲಂಬಸ್ ನಗರದಲ್ಲಿ, ತಮ್ಮ ಮನೆಯ ಬಳಿಯ ನದೀತೀರದ ಕುರುಚಲಿನಲ್ಲಿದ್ದ ಸಾಂಗ್ ಸ್ಪ್ಯಾರೋ ಎಂಬ ಗುಬ್ಬಿಯಂಥ ಹಾಡುಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿದರು. ಒಂದೊಂದನ್ನೂ ಹೆಸರಿಟ್ಟು ಗುರುತಿಸುತ್ತ, ಯಾರು ಯಾರನ್ನು ಕೂಡಿದರು, ಯಾರ ಎಲ್ಲೆ ಎಲ್ಲಿಯವರೆಗೆ, ಯಾರು ಎಷ್ಟು ವರ್ಷ ಬದುಕಿದರು ಎಂದು ಎಂಟು ವರ್ಷ ಬರೆದರು. 1935ರ ಮೇ ತಿಂಗಳ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಒಂದೇ ಹಕ್ಕಿಯ ಹಿಂದೆ ಕೂತು, ಅದು 2,305 ಸಲ ಹಾಡಿದ್ದನ್ನು ಎಣಿಸಿದರು. 1937ರಲ್ಲೂ 1943ರಲ್ಲೂ ಎರಡು ಭಾಗಗಳಾಗಿ ಬಂದ ಆ ಅಧ್ಯಯನವನ್ನು ಇಂದಿಗೂ ಪಂಡಿತರು ಗೌರವಿಸುತ್ತಾರೆ. ಬರ್ಲಿನ್ನಿನಲ್ಲಿ ಸಲೀಂ ಅಲಿಗೆ ಗುರುವಾದ ಅದೇ ಸ್ಟ್ರೇಸ್‌ಮನ್ ಈ ಹಕ್ಕಿಗಳ ಬಗೆಗಿನ ಈಕೆಯ ಬರಹಗಳನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿದವರು! ಆದರೆ ಕಾಲೇಜಿನ ಹುದ್ದೆ ಮಾತ್ರ ಈಕೆಗೆ ಬದುಕಿನುದ್ದಕ್ಕೂ ಸಿಗಲಿಲ್ಲ. ಜನ ಗೃಹಿಣಿಯೆಂದು ಕರೆದಾಗ, ತಾನು ಪ್ರಾಣಿಶಾಸ್ತ್ರ ಕಲಿತವಳೆಂದು ತಿದ್ದುತ್ತಿದ್ದರಂತೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಮೂವತ್ತು ವರ್ಷ ಪಾಠ ಮಾಡಿದ ಮೇಲೂ ಮದುವೆ ಮನೆಗಳಲ್ಲಿ ನನ್ನನ್ನು “ಇಂಥವರ ಮನೆಯವರು” ಎಂದೇ ಪರಿಚಯಿಸುತ್ತಾರೆ.

ಈ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೊಳೆದದ್ದಿಷ್ಟು. ಸಲೀಂ ಅಲಿಯವರ ಆತ್ಮಕಥೆ ದೂರದೂರದ ಪ್ರಯಾಣಗಳಿಂದ ನಮ್ಮನ್ನು ಬೆರಗುಗೊಳಿಸುತ್ತದೆ. ಆ ಬೆರಗಿನ ಮರೆಯಲ್ಲಿ ಅವರ ನಿಜವಾದ ಹಿರಿಮೆ ನಮಗೆ ಕಾಣದೆ ಹೋಗುವ ಅಪಾಯವಿದೆ. ಕಂಡದ್ದನ್ನು ಕಂಡ ದಿನವೇ, ಕಂಡಷ್ಟೇ ಬರೆದು, ಆ ಹಾಳೆಯನ್ನು ಜೋಪಾನ ಮಾಡಿದ್ದು ಆ ಹಿರಿಮೆ. ಡಿಲನ್ ರಿಪ್ಲಿಯವರ ಜೊತೆ 1968ರಿಂದ 1974ರವರೆಗೆ ಅವರು ತಂದ ಹತ್ತು ಸಂಪುಟಗಳು ಇಂಥ ಹಾಳೆಗಳ ಮೇಲೆಯೇ ನಿಂತಿವೆ. ಹಾಲಿನ ಲೆಕ್ಕ, ಚೀಟಿ ಲೆಕ್ಕ, ಮಗುವಿಗೆ ಹಾಕಿಸಿದ ಚುಚ್ಚುಮದ್ದಿನ ತಾರೀಖು ತಪ್ಪದೆ ಬರೆಯುವ ಕೈಗಳಿಗೆ ಇದು ಹೊಸ ವಿದ್ಯೆಯಲ್ಲ. ನಮಗೆ ಕಡಿಮೆಯಾದದ್ದು, ಇದೂ ಲೆಕ್ಕವೇ ಎಂದು ಹೇಳುವ ಒಬ್ಬ ಮಿಲ್ಲಾರ್ಡ್.

ಈಗಂತೂ ಕಾಲ ಬದಲಾಗಿದೆ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯಲ್ಲಿ 942 ಬಗೆಯ ಹಕ್ಕಿಗಳನ್ನು ಪರಿಶೀಲಿಸಿದ್ದಾರೆ. ಅದಕ್ಕೆ ಆಧಾರ ಮೂವತ್ತು ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು ಕೊಟ್ಟ ಸುಮಾರು ಮೂರು ಕೋಟಿ ಟಿಪ್ಪಣಿಗಳು. ಗುಬ್ಬಿ ನಾಶವಾಯಿತೆಂದು ನಾವೆಲ್ಲ ಹಲುಬುತ್ತಿದ್ದಾಗ, ದೇಶದ ಒಟ್ಟು ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ, ಕಡಿಮೆಯಾದದ್ದು ಮಹಾನಗರಗಳಲ್ಲಿ ಎಂದು 2020ರ ವರದಿ ಹೇಳಿತು. ಹಿಂದಿನ ಕಾಲದ ಟಿಪ್ಪಣಿಗಳು ಇನ್ನಷ್ಟು ಉಳಿದಿದ್ದರೆ ಈ ಲೆಕ್ಕ ಇನ್ನೂ ಗಟ್ಟಿಯಾಗುತ್ತಿತ್ತು. ಗಾಂಧೀಜಿ ಪಟದ ಹಿಂದಿನ ಒಂದು ತಿಂಗಳೂ ಅದರೊಳಗೆ ಸೇರಬಹುದಿತ್ತು.

ಹೋದ ವರ್ಷ ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿ ಸಿಕ್ಕಿದಳು. ಹುಡುಗಿಯೆನ್ನುವುದೇಕೆ, ಕೈಹಿಡಿದು ನಿಂತ ಮಗನೇ ಅವಳ ಭುಜದೆತ್ತರಕ್ಕೆ ಬಂದಿದ್ದ. ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದವಳನ್ನು ಎತ್ತಿ ಹಿಡಿದು, “ನಿನ್ನ ನೋಟ್‌ಬುಕ್ ಕಳೆದುಬಿಟ್ಟೆ ಕಣಮ್ಮ, ತಪ್ಪಾಯ್ತು” ಎಂದೆ. ಅವಳಿಗೆ ಕ್ಷಣ ಹೊತ್ತು ಅರ್ಥವಾಗಲಿಲ್ಲ. ಆಮೇಲೆ ನಕ್ಕು, “ಅಯ್ಯೋ ಬಿಡಿ ಮಿಸ್, ಗುಬ್ಬಿ ಲೆಕ್ಕ ತಾನೆ” ಎಂದಳು. ನನ್ನ ಮಾತನ್ನೇ ನನಗೆ ಹಿಂದಿರುಗಿಸಿದ್ದಳು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಅವಳ ಗಂಡನ ಊರು ಕೊಕ್ಕರೆ ಬೆಳ್ಳೂರಿನ ಪಕ್ಕ. “ಈಗ್ಲೂ ಹಕ್ಕಿ ನೋಡ್ತೀಯಾ?” ಎಂದು ಕೇಳಿದೆ. “ಹೆಜ್ಜಾರ್ಲೆ ಬಂದ್ರೆ ನೋಡ್ದೆ ಇರೋಕಾಗುತ್ತಾ ಮಿಸ್? ತವರಿಗೆ ಬಂದ ಬಾಣಂತೀರು ಅಂತಾರೆ ನಮ್ಮತ್ತೆ” ಎಂದಳು. ಬಸ್ಸು ಬಂತು, ಹತ್ತಿದಳು. ಬರೆದಿಡು ಎಂದು ಕಿಟಕಿಯ ಹತ್ತಿರ ಹೋಗಿ ಹೇಳಿದೆ. ಕೇಳಿಸಿತೋ ಇಲ್ಲವೋ.

ಮಾರನೆಯ ದಿನ ಸ್ಟಾಫ್‌ರೂಮಿನ ಬೀರುವಿನಲ್ಲಿ ಒಂದು ಅರೆ ಖಾಲಿ ಮಾಡಿ, ಹಳೇ ಪೇಪರಿನವನಿಗೆ ಇದನ್ನು ಮುಟ್ಟಿಸಬಾರದೆಂದು ಚೀಟಿ ಅಂಟಿಸಿದೆ. ಈಗ ಅಲ್ಲಿ ಏಳು ನೋಟ್‌ಬುಕ್ಕುಗಳಿವೆ. ಆರು ಮಕ್ಕಳವು. ಏಳನೆಯದು ನನ್ನದು. ನಮ್ಮ ಹಿತ್ತಲಿನ ದಾಸವಾಳದ ಗಿಡದಲ್ಲಿ ಪಿಕಳಾರ ಮೂರು ಮೊಟ್ಟೆಯಿಟ್ಟಿತ್ತು. ಎರಡು ಮರಿ ಹಾರಿಹೋದವು, ಒಂದನ್ನು ಬೆಕ್ಕು ಹಿಡಿಯಿತು. ತಾರೀಖು ಸಮೇತ ಬರೆದಿಟ್ಟಿದ್ದೇನೆ.